ಒಂದೇ ಹಾಪ್‌ನ ಬಿಯರ್: ತಳಿಯ ಹೆಸರಿಗಿಂತ ಮೊದಲು ಪೊಟ್ಟಣ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಿರುಗುಪ್ಪ ತಾಲ್ಲೂಕು, ನನಗೆ ತೋರಣಗಲ್ಲಿನಲ್ಲಿ ಕೆಲಸ. ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದಾಗ ಅಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಹತ್ತಿತು. ಈಗ ಇಬ್ಬರು ಗೆಳೆಯರ ಜೊತೆ ಬಳ್ಳಾರಿಯಲ್ಲಿ ಮೈಕ್ರೋಬ್ರೂವರಿ ತೆರೆಯಲು ಪರವಾನಗಿಗೆ ಅರ್ಜಿ ಹಾಕಿದ್ದೇವೆ. ಬಿಯರಿಗೆ ಕಹಿ ಮತ್ತು ಘಮ ಕೊಡುವ ಹಾಪ್ ಹೂವಿನ ಒಂದೇ ತಳಿ ಹಾಕಿದ ಬಿಯರ್ ನಮ್ಮ ಗುರುತಾಗಬೇಕು ಎಂಬುದು ಆಸೆ. ಆದರೆ ಇಂಗ್ಲೆಂಡಿನಲ್ಲಿ ಮಾಡಿದ ಅಂಥ ಒಂದು ಬಿಯರ್ ಕೆಟ್ಟಿತ್ತು. ಕ್ಯಾಸ್ಕೇಡ್ ಹಾಪ್‌ಗೆಂದು ಬರೆದಿದ್ದ ವಿಧಾನವನ್ನು ಹಾಗೆಯೇ ಇಟ್ಟುಕೊಂಡು, ಎಲ್ಲರೂ ಹೊಗಳುವ ಸಿಟ್ರಾ ಹಾಕಿದ್ದೆ. 20 ಲೀಟರಿಗೆ ಕುದಿಯ ಆರಂಭದಲ್ಲಿ 40 ಗ್ರಾಂ, ಹುದುಗಿದ ಮೇಲೆ 60 ಗ್ರಾಂ ಹಾಕಿ ಎರಡು ವಾರ ಬಿಟ್ಟೆ. ಪೊಟ್ಟಣ ತೆರೆದಾಗ ಮಾವಿನಹಣ್ಣಿನ ಘಮ ಬರುತ್ತಿದ್ದ ಹಾಪ್ ಬಿಯರಿನಲ್ಲಿ ಹಸಿ ಹುಲ್ಲಿನ ರುಚಿ ಕೊಟ್ಟಿತು, ಕಹಿ ಗಂಟಲಿಗೆ ಹಿಡಿಯಿತು. ಹೋದ ಮೇ ತಿಂಗಳಲ್ಲಿ ಕೊರಿಯರ್‌ನಲ್ಲಿ ತರಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದ ಕ್ಯಾಸ್ಕೇಡ್ ಪೊಟ್ಟಣವನ್ನು ಮೊನ್ನೆ ಒಡೆದರೆ ಹಳಸಿದ ಚೀಸ್‌ನ ವಾಸನೆ. ಹಾಗಾದರೆ ಯಾವ ಹಾಪ್ ಆರಿಸಬೇಕು? ದುಬಾರಿಯದೇ ಒಳ್ಳೆಯದೇ? ನಮ್ಮ ಕಡೆಯ ನೀರು, ಬಿಸಿಲು ಅದನ್ನು ಕೆಡಿಸುತ್ತವೆಯೇ? ಗಂಗಾವತಿ ಸೋನಾ ಮಸೂರಿ ಸೇರಿಸಬಹುದೇ? ನಮ್ಮ ಕಾಲುವೆ ನೀರಿನ ಹೊಲದಲ್ಲಿ ಹಾಪ್ ಬೆಳೆಯುವುದೇ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆಗಳಾದರೂ ಅವುಗಳ ಹಿಂದಿನ ಅಳುಕು ಒಂದೇ. ಒಂದೇ ಹಾಪ್ ಇರುವ ಬಿಯರಿನಲ್ಲಿ ಆಯ್ಕೆ ತಪ್ಪಿದರೆ ಅದನ್ನು ಮುಚ್ಚಿಡಲು ಇನ್ನೊಂದು ಹಾಪ್ ಇರುವುದಿಲ್ಲ, ಆದ್ದರಿಂದ ಸರಿಯಾದ ಹೆಸರು ಯಾವುದೆಂದು ಯಾರಾದರೂ ಹೇಳಿಬಿಟ್ಟರೆ ಗೆದ್ದೆವು ಎಂದು ನಿಮಗೆ ಅನ್ನಿಸಿದೆ. ಹೆಸರನ್ನು ನಾನು ಹೇಳುತ್ತೇನೆ, ಆದರೆ ಸ್ವಲ್ಪ ತಡವಾಗಿ. ಏಕೆಂದರೆ ನಿಮಗೆ ಒದಗಿದ ಎರಡು ಸೋಲುಗಳಲ್ಲಿ ಒಂದೂ ತಳಿಯ ಆಯ್ಕೆಯಿಂದ ಆದುದಲ್ಲ. ಮೊದಲನೆಯದು ಲೆಕ್ಕದ ದೋಷ, ಎರಡನೆಯದು ಬಿಸಿಲಿನ ದೋಷ. ಬ್ರೂವರಿಗಳ ಪ್ರಯೋಗಾಲಯದಲ್ಲಿ ಹಾಪ್ ಮತ್ತು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪರೀಕ್ಷಿಸುತ್ತಲೇ ಉದ್ಯೋಗದ ಬಹುಭಾಗ ಕಳೆದ ನನ್ನ ಅನುಭವದಲ್ಲಿ, ಹೊಸದಾಗಿ ಆರಂಭಿಸುವವರ ಕೈಯಲ್ಲಿ ಹಾಪ್ ಕೆಡುವುದು ಹೆಚ್ಚಾಗಿ ಈ ಎರಡು ದಾರಿಗಳಲ್ಲೇ.

ಅದಕ್ಕೂ ಮುಂಚೆ ಕಾನೂನಿನ ಒಂದು ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಇಂಗ್ಲೆಂಡಿನಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಮಾಡಿಕೊಳ್ಳಲು ಅಡ್ಡಿಯಿಲ್ಲ. ಇಲ್ಲಿ ‘ಮನೆಮಟ್ಟಿಗೆ ಇಪ್ಪತ್ತು ಲೀಟರ್ ಅಷ್ಟೇ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಪರವಾನಗಿಗೆ ಅರ್ಜಿ ಹಾಕಿರುವವರು ಈ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಪರವಾನಗಿ ಕೈಗೆ ಬರುವವರೆಗೆ ಇಂಗ್ಲೆಂಡಿನಿಂದ ತಂದ ಪಾತ್ರೆ ಅಟ್ಟದ ಮೇಲೆಯೇ ಇರಲಿ. ಹಾಪ್ ಆರಿಸುವ ಕೆಲಸದ ಬಹುಪಾಲನ್ನು ಏನನ್ನೂ ಹುದುಗಿಸದೆ ಮುಗಿಸಬಹುದು, ಅದರ ವಿಧಾನವನ್ನು ಮುಂದೆ ಹೇಳಿದ್ದೇನೆ. ಪ್ರಮಾಣದ ಲೆಕ್ಕಗಳೆಲ್ಲ ಪರವಾನಗಿ ಬಂದ ಮೇಲಿನ ಪ್ರಾಯೋಗಿಕ ತಯಾರಿಕೆಗೆ.

ಈಗ ನಿಮ್ಮ ಸಿಟ್ರಾ ಬಿಯರಿನ ವಿಷಯ. ಹಾಪ್ ಎಂಬುದು ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಹಳದಿ ಪುಡಿಯಂಥ ಗ್ರಂಥಿಗಳಿರುತ್ತವೆ. ಅವುಗಳಲ್ಲಿ ನಮಗೆ ಬೇಕಾದ ಎರಡು ಸಂಗತಿಗಳು ಅಡಗಿವೆ: ಕಹಿಗೆ ಮೂಲವಾದ ಆಲ್ಫಾ ಆಮ್ಲಗಳು ಮತ್ತು ಪರಿಮಳಕ್ಕೆ ಮೂಲವಾದ ಎಣ್ಣೆಗಳು. ಇವೆರಡರ ಸ್ವಭಾವ ಒಂದಕ್ಕೊಂದು ವಿರುದ್ಧ. ಆಲ್ಫಾ ಆಮ್ಲ ಹಾಗೆಯೇ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹೊತ್ತುಗಟ್ಟಲೆ ಕುದಿಸಿದಾಗ ರೂಪ ಬದಲಿಸಿಕೊಂಡು ಐಸೋ ಆಲ್ಫಾ ಆಮ್ಲವಾಗಿ ಕರಗುತ್ತದೆ, ಆಗ ಕಹಿ ಹುಟ್ಟುತ್ತದೆ. ಎಣ್ಣೆಗಳಾದರೋ ಅದೇ ಕುದಿಯಲ್ಲಿ ಹಬೆಯೊಂದಿಗೆ ಹಾರಿಹೋಗುತ್ತವೆ. ಆದ್ದರಿಂದಲೇ ಒಂದೇ ಹಾಪ್ ಅನ್ನು ಬೇರೆಬೇರೆ ಹೊತ್ತಿನಲ್ಲಿ ಹಾಕುತ್ತಾರೆ: ಕಹಿಗೆ ಆರಂಭದಲ್ಲಿ, ರುಚಿ ಮತ್ತು ಘಮಕ್ಕೆ ಕೊನೆಯಲ್ಲಿ.

ಕಹಿಯ ಅಳತೆ ಐಬಿಯು, ಅಂದರೆ ಲೀಟರಿನಲ್ಲಿ ಕರಗಿದ ಐಸೋ ಆಲ್ಫಾ ಆಮ್ಲದ ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ. ಸಾಧಾರಣ ಸಾಂದ್ರತೆಯ ವರ್ಟ್‌ನಲ್ಲಿ, ಅಂದರೆ ಮಾಲ್ಟ್‌ನಿಂದ ಇಳಿಸಿದ ಇನ್ನೂ ಹುದುಗದ ಸಿಹಿ ರಸದಲ್ಲಿ, ಒಂದು ಗಂಟೆ ಕುದಿಸಿದರೆ ಹಾಕಿದ ಆಲ್ಫಾ ಆಮ್ಲದ ಸುಮಾರು ಶೇ 23ರಷ್ಟು ಬಿಯರಿಗೆ ದಕ್ಕುತ್ತದೆ. ಕ್ಯಾಸ್ಕೇಡ್‌ನಲ್ಲಿ ಆಲ್ಫಾ ಶೇ 6 ಇದ್ದರೆ 40 ಗ್ರಾಂನಿಂದ 20 ಲೀಟರಿಗೆ ಸುಮಾರು 28 ಐಬಿಯು ಬರುತ್ತದೆ. ಸಿಟ್ರಾದಲ್ಲಿ ಆಲ್ಫಾ ಸಾಮಾನ್ಯವಾಗಿ ಶೇ 11ರಿಂದ 13. ಶೇ 12 ಎಂದು ಹಿಡಿದರೆ ಅದೇ 40 ಗ್ರಾಂ 55 ಐಬಿಯು ಕೊಡುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಹೇಳಿದ ಸಾರಿಗೆ ಅಷ್ಟೇ ತೂಕದ ಗುಂಟೂರು ಮೆಣಸಿನಕಾಯಿ ಹಾಕಿದಂತಾಯಿತು. ಗಂಟಲಿಗೆ ಹಿಡಿದ ಕಹಿಗೆ ಸಿಟ್ರಾ ತಳಿಯನ್ನು ದೂರಿ ಫಲವಿಲ್ಲ, 20 ಗ್ರಾಂ ಸಾಕಿತ್ತು. ಹಾಪ್ ಬದಲಿಸುವಾಗ ತೂಕವನ್ನಲ್ಲ, ತೂಕ ಮತ್ತು ಆಲ್ಫಾಗಳ ಗುಣಲಬ್ಧವನ್ನು ಸ್ಥಿರವಾಗಿ ಇಟ್ಟುಕೊಳ್ಳಬೇಕು. ಆಲ್ಫಾದ ಪ್ರಮಾಣ ತಳಿಗೊಂದರಂತೆ ನಿಂತ ಸಂಖ್ಯೆಯೂ ಅಲ್ಲ. ವರ್ಷದಿಂದ ವರ್ಷಕ್ಕೆ, ತೋಟದಿಂದ ತೋಟಕ್ಕೆ ಬದಲಾಗುತ್ತದೆ. ಪುಸ್ತಕದ ಸಂಖ್ಯೆಯನ್ನು ನೆಚ್ಚದೆ ಪೊಟ್ಟಣದ ಮೇಲೆ ಮುದ್ರಿಸಿದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಸಿ ಹುಲ್ಲಿನ ರುಚಿಗೆ ಕಾರಣ ಬೇರೆ. ಹುದುಗಿದ ಬಿಯರಿಗೆ ಕುದಿಸದೆ ಹಾಪ್ ಹಾಕಿ ನೆನೆಸುವುದನ್ನು ಡ್ರೈ ಹಾಪಿಂಗ್ ಎನ್ನುತ್ತಾರಷ್ಟೆ. ಅದರಲ್ಲಿ ಎಣ್ಣೆಗಳು ಬಿಯರಿಗೆ ಇಳಿಯಲು ಎರಡು ಮೂರು ದಿನ ಸಾಕು. ಆಮೇಲೆ ಇಳಿಯುವುದು ಬಹುಮಟ್ಟಿಗೆ ಎಲೆಯ ಭಾಗದ ಪಾಲಿಫಿನಾಲ್‌ಗಳು, ಅಂದರೆ ಹೆಚ್ಚು ಹೊತ್ತು ಕುದಿಸಿದ ಚಹಾದಲ್ಲಿ ಬರುವ ಒಗರಿನ ಜಾತಿಯ ವಸ್ತುಗಳು. ನೀವು ಹಾಕಿದ 60 ಗ್ರಾಂ, ಅಂದರೆ ಲೀಟರಿಗೆ 3 ಗ್ರಾಂ, ಹೆಚ್ಚೇನಲ್ಲ. ಎರಡು ವಾರ ಹೆಚ್ಚಾಯಿತು. ‘ಹೆಚ್ಚು ಹಾಪ್ ಹಾಕಿದಷ್ಟೂ ಹೆಚ್ಚು ಘಮ’ ಎಂಬ ನಂಬಿಕೆಗೂ ಮಿತಿಯಿದೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಸ್ಕೇಡ್ ಹಾಪ್ ಇಟ್ಟುಕೊಂಡು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಘಮ ಅದೇ ಅನುಪಾತದಲ್ಲಿ ಏರಲಿಲ್ಲ, ಬದಲಾಗಿ ಹಣ್ಣಿನ ಗುಣ ಹಿಂದೆ ಸರಿದು ಸೊಪ್ಪು, ಚಹಾದ ಗುಣ ಮುಂದೆ ಬಂತು ಎಂದು ಕಂಡುಬಂದಿತು. ಲೀಟರಿಗೆ 4ರಿಂದ 5 ಗ್ರಾಂ, ಮೂರು ದಿನ: ನನ್ನ ಸಲಹೆ ಇಷ್ಟೇ.

ಎರಡನೆಯ ಸೋಲು, ಚೀಸ್ ವಾಸನೆಯ ಪೊಟ್ಟಣ, ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದುದು, ಏಕೆಂದರೆ ಅದು ಬಳ್ಳಾರಿಯ ಸಮಸ್ಯೆ. ಆಲ್ಫಾ ಆಮ್ಲಗಳು ಗಾಳಿ ಮತ್ತು ಬಿಸಿಗೆ ಸಿಕ್ಕಿ ಒಡೆದಾಗ ಐಸೋವಲೆರಿಕ್ ಆಮ್ಲ ಉಂಟಾಗುತ್ತದೆ. ಬೆವರಿದ ಕಾಲುಚೀಲದ ವಾಸನೆಯೂ, ಹಳೆಯ ಚೀಸ್‌ನ ವಾಸನೆಯೂ ಅದೇ ಆಮ್ಲದ್ದು. ಕ್ಯಾಸ್ಕೇಡ್ ಎಂಥ ಮೃದು ತಳಿಯೆಂದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ತಿಂಗಳು ಇಟ್ಟರೆ ಅದರ ಆಲ್ಫಾ ಆಮ್ಲ ಅರ್ಧಕ್ಕೆ ಇಳಿಯುತ್ತದೆ. ಆ 20 ಡಿಗ್ರಿ ನಮ್ಮ ಕಡೆ ಡಿಸೆಂಬರಿನ ಬೆಳಗಿನ ಜಾವ ಬಿಟ್ಟರೆ ಸಿಗುವುದೇ ಅಪರೂಪ. ಉಷ್ಣತೆ ಸುಮಾರು 15 ಡಿಗ್ರಿ ಏರಿದಂತೆಲ್ಲ ಈ ಕೆಡುವಿಕೆಯ ವೇಗ ಇಮ್ಮಡಿಯಾಗುತ್ತದೆಂದು ಲೆಕ್ಕ ಹಾಕುತ್ತಾರೆ. ಮೇ ತಿಂಗಳಲ್ಲಿ, ಹೊರಗೆ 40 ದಾಟಿರುವಾಗ, ತಗಡಿನ ಮೈಯ ಕೊರಿಯರ್ ವಾಹನದಲ್ಲಿ ಬಂದು, ಗೋದಾಮಿನಲ್ಲಿ ಕುಳಿತು, ಆಮೇಲೆ ಒಲೆಯ ಪಕ್ಕದ ಕಪಾಟು ಸೇರಿದ ಹಾಪ್ ಒಳ್ಳೆಯ ವಾಸನೆ ಕೊಡಬೇಕೆಂದು ನಿರೀಕ್ಷಿಸುವಂತಿಲ್ಲ. ಆ ಪೊಟ್ಟಣವನ್ನು ಬಳಸಬೇಡಿ, ಕುದಿಸಿದರೆ ಸರಿಹೋದೀತೆಂಬ ಆಸೆಯೂ ಬೇಡ. ಬೆಲ್ಜಿಯಂನ ಲ್ಯಾಂಬಿಕ್ ಎಂಬ ಹುಳಿ ಬಿಯರಿನ ತಯಾರಕರು ಬೇಕೆಂದೇ ಹಳೆಯ ಹಾಪ್ ಬಳಸುತ್ತಾರೆ ನಿಜ, ಆದರೆ ಅವರಿಗೆ ಬೇಕಾದುದು ಹಾಪ್‌ನ ಪರಿಮಳವಲ್ಲ, ಬ್ಯಾಕ್ಟೀರಿಯಾ ತಡೆಯುವ ಅದರ ಶಕ್ತಿ. ಎಸೆಯುವಾಗ ತಿಪ್ಪೆಯಲ್ಲಿ ತೆರೆದು ಬಿಡದೆ ಮಣ್ಣಿನಲ್ಲಿ ಹೂಳಿ. ಹಾಪ್ ತಿಂದ ನಾಯಿಗಳ ಮೈ ವಿಪರೀತ ಕಾದು ಪ್ರಾಣಕ್ಕೇ ಅಪಾಯವಾಗುತ್ತದೆ. ಬ್ರೂವರಿ ನಡೆಸುವಾಗ ಉಳಿಯುವ ಹಾಪ್ ಚರಟದ ವಿಷಯದಲ್ಲೂ ಇದನ್ನು ನೆನಪಿಡಿ.

ಹಾಗಾಗಿ ಕೊಳ್ಳುವಾಗ ತಳಿಯ ಹೆಸರನ್ನು ಓದುವ ಮೊದಲು ಬೆಳೆಯ ವರ್ಷವನ್ನು ಓದಿ. ಅಮೆರಿಕ ಮತ್ತು ಯುರೋಪಿನಲ್ಲಿ ಹಾಪ್ ಕೊಯ್ಲು ಆಗಸ್ಟ್, ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್ ನಡುವೆ. ಪೊಟ್ಟಣ ಬೆಳಕು ತೂರದ ಲೋಹದ ಹಾಳೆಯದಾಗಿರಬೇಕು, ಒಳಗೆ ಗಾಳಿ ತೆಗೆದು ಸಾರಜನಕ ತುಂಬಿರಬೇಕು. ಸಗಟಾಗಿ ಮಾರುವವರ ಬಳಿ ಆ ಲಾಟಿನ ವಿಶ್ಲೇಷಣಾ ಪತ್ರ ಇರುತ್ತದೆ, ಕೇಳಿ ಪಡೆಯಿರಿ. ಅದರಲ್ಲಿ ಹಾಪ್ ಸ್ಟೋರೇಜ್ ಇಂಡೆಕ್ಸ್ ಎಂಬ ಸಂಖ್ಯೆ 0.30ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾಲು ತಾಜಾ ಎಂದರ್ಥ. ಅದು ಏರಿದಷ್ಟೂ ಹಾಪ್ ಮುದಿಯಾಗಿದೆ. ಸಾಗಣೆಯನ್ನು ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿಕೊಳ್ಳಿ, ಬಂದ ದಿನವೇ ಡೀಪ್ ಫ್ರೀಜರಿಗೆ ಹಾಕಿ. ಕರೆಂಟು ಹೋದರೆ ಫ್ರೀಜರ್ ತೆರೆಯದಿದ್ದರೆ ಸಾಕು, ಒಂದೆರಡು ಗಂಟೆಯಲ್ಲಿ ಏನೂ ಆಗುವುದಿಲ್ಲ. ಒಡೆದ ಪೊಟ್ಟಣದಲ್ಲಿ ಉಳಿದುದನ್ನು ಗಾಳಿ ಹಿಂಡಿ ಮತ್ತೆ ಸೀಲ್ ಮಾಡದೆ ಇಡಬೇಡಿ.

ಇನ್ನು ದುಬಾರಿ ಹಾಪ್‌ನ ಮಾತು. ಬೆಲೆ ನಿರ್ಧಾರವಾಗುವುದು ಬೇಡಿಕೆಯಿಂದ, ತಳಿಯ ಹಕ್ಕು ಯಾರ ಬಳಿ ಇದೆ ಎಂಬುದರಿಂದ ಮತ್ತು ಎಷ್ಟು ಎಕರೆಯಲ್ಲಿ ಅದನ್ನು ಬೆಳೆಯುತ್ತಾರೆ ಎಂಬುದರಿಂದ. ಸಿಟ್ರಾ, ಮೊಸಾಯಿಕ್ ಮುಂತಾದವು ಹಕ್ಕುಸ್ವಾಮ್ಯವಿರುವ ತಳಿಗಳು. ಕ್ಯಾಸ್ಕೇಡ್ ಸಾರ್ವಜನಿಕ ತಳಿ, ಯಾರು ಬೇಕಾದರೂ ಬೆಳೆಯಬಹುದು. ಬೆಲೆಯ ವ್ಯತ್ಯಾಸ ರುಚಿಯ ತೀರ್ಪಲ್ಲ. ಹಾಗೆಯೇ ‘ಕಹಿಯ ಹಾಪ್ ಬೇರೆ, ಘಮದ ಹಾಪ್ ಬೇರೆ, ಒಂದರಿಂದಲೇ ಎರಡೂ ಆಗದು’ ಎಂಬ ಮಾತನ್ನೂ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಖರ್ಚು ಉಳಿಸಲು ದೊಡ್ಡ ಕಾರ್ಖಾನೆಗಳು ಮಾಡಿಕೊಂಡ ವಿಂಗಡಣೆ. ಜೆಕ್ ದೇಶದ ಪಿಲ್ಸೆನ್ ಪಟ್ಟಣದಲ್ಲಿ 1842ರಿಂದ ತಯಾರಾಗುತ್ತಿರುವ ಪಿಲ್ಸ್‌ನರ್ ಉರ್ಕ್ವೆಲ್ ಸಾಜ್ ಹಾಪ್ ಒಂದನ್ನೇ ನಂಬಿ ಪ್ರಪಂಚ ಗೆದ್ದ ಬಿಯರ್, ಆ ಸಾಜ್‌ನಲ್ಲಿ ಆಲ್ಫಾ ಶೇ 3ರಿಂದ 4.5 ಮಾತ್ರ. ಹಾಪ್‌ನಿಂದ ಬಿಯರಿನ ‘ಕಿಕ್’ ಹೆಚ್ಚುತ್ತದೆ ಎಂಬ ಇನ್ನೊಂದು ನಂಬಿಕೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು: ಮದ್ಯಾಂಶ ಬರುವುದು ಮಾಲ್ಟ್‌ನ ಸಕ್ಕರೆಯಿಂದ.

ಈಗ ತಳಿಗಳಿಗೆ ಬರೋಣ. ನಿಮ್ಮ ಮುಂದೆ ಮೂರು ದಾರಿಗಳಿವೆ ಎಂದು ನನ್ನ ಎಣಿಕೆ.

ಮೊದಲನೆಯದು ಸಾಜ್, ಜರ್ಮನಿಯ ಹಾಲರ್ಟೌ ಮಿಟ್ಟೆಲ್‌ಫ್ರ್ಯೂ ಮೊದಲಾದ ಯುರೋಪಿನ ಹಳೆಯ ತಳಿಗಳು. ಇವುಗಳ ಘಮ ಮೆಲುವಾದುದು: ಹೂವು, ಒಣ ಸೊಪ್ಪು, ಸ್ವಲ್ಪ ಮಸಾಲೆ. ಬಿಸಿಲೂರಿನಲ್ಲಿ ತಣ್ಣಗೆ ಕುಡಿಯುವ ಬಿಯರಿಗೆ ಇವುಗಳಷ್ಟು ಹೊಂದುವ ಹಾಪ್ ಇಲ್ಲವೆಂದು ವೈಯಕ್ತಿಕವಾಗಿ ನಂಬಿದ್ದೇನೆ. ಆದರೆ ಅಪಾಯಗಳೂ ಇವೆ. ಆಲ್ಫಾ ಶೇ 3 ಇರುವ ಹಾಪ್‌ನಿಂದ 20 ಲೀಟರಿಗೆ 28 ಐಬಿಯು ತರಬೇಕಾದರೆ ಕುದಿಗೆ 80 ಗ್ರಾಂ ಬೇಕು. ಅಷ್ಟು ಸೊಪ್ಪು ಪಾತ್ರೆಯ ತಳದಲ್ಲಿ ವರ್ಟ್ ಹೀರಿಕೊಂಡು ಕುಳಿತುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಈ ಮೆಲುವಾದ ಘಮಕ್ಕೆ ಲಾಗರ್ ಯೀಸ್ಟಿನ ಶುದ್ಧ ಹುದುಗು ಬೇಕು, ಅದಕ್ಕೆ 10ರಿಂದ 12 ಡಿಗ್ರಿಯ ತಂಪು ಬೇಕು, ಮಾಗಲು ವಾರಗಟ್ಟಲೆ ಟ್ಯಾಂಕನ್ನು ಅದಕ್ಕೇ ಬಿಟ್ಟುಕೊಡಬೇಕು. ಹೊಸ ಬ್ರೂವರಿಯ ಮೊದಲ ಬೇಸಿಗೆಯಲ್ಲಿ ಚಿಲ್ಲರ್ ಯಂತ್ರದ ಮೇಲೆ ಇಷ್ಟು ಭಾರ ಹಾಕುವುದು ಜಾಣತನವಲ್ಲ.

ಎರಡನೆಯದು ಸಿಟ್ರಾ, ಮೊಸಾಯಿಕ್, ಆಸ್ಟ್ರೇಲಿಯಾದ ಗ್ಯಾಲಕ್ಸಿ, ನ್ಯೂಜಿಲೆಂಡಿನ ನೆಲ್ಸನ್ ಸೊವಿನ್ ಮುಂತಾದ ಹೊಸ ತಳಿಗಳು. ಮಾವು, ಪ್ಯಾಶನ್ ಹಣ್ಣು, ಕಿತ್ತಳೆ ಸಿಪ್ಪೆಯ ಜೋರಾದ ಘಮ. ಅದರ ಹಿಂದೆ ಎಣ್ಣೆಗಳ ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿರುವ ಥಯೋಲ್ ಎಂಬ ಗಂಧಕಯುಕ್ತ ವಸ್ತುಗಳ ಕೆಲಸವಿದೆ. ಆಲ್ಫಾ ಹೆಚ್ಚಿರುವುದರಿಂದ ಕಡಿಮೆ ಹಾಪ್ ಸಾಕು. ಸಿಟ್ರಾ ದಾಸ್ತಾನಿನಲ್ಲಿ ಕ್ಯಾಸ್ಕೇಡ್‌ಗಿಂತ ಚೆನ್ನಾಗಿ ತಾಳುತ್ತದೆ, ಬಳ್ಳಾರಿಯ ಮಟ್ಟಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಒಂದನ್ನೇ ಬಳಸಿದಾಗ ಇವು ಏಕಮುಖವಾಗುತ್ತವೆ. ಮೊದಲ ಗ್ಲಾಸಿಗೆ ಬೆರಗು, ಎರಡನೆಯ ಗ್ಲಾಸಿಗೆ ಸಾಕು ಎನ್ನಿಸುವಂತಾಗುತ್ತದೆ. ಕೊಯ್ಲು ತಡವಾದ ಲಾಟುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ಇಣುಕುತ್ತದೆ, ಅದನ್ನು ಯಾವ ಲೆಕ್ಕದಿಂದಲೂ ತೆಗೆಯಲಾಗದು. ಮೂಸಿ ನೋಡದೆ ಈ ತಳಿಗಳನ್ನು ಕೊಳ್ಳಲೇಬಾರದು.

ಮೂರನೆಯದು ಕ್ಯಾಸ್ಕೇಡ್ ಮತ್ತು ಅದರ ನೆಂಟನಂತಿರುವ, ಆಲ್ಫಾ ಶೇ 10ರ ಆಸುಪಾಸಿನ ಸೆಂಟೆನಿಯಲ್. ಒರೆಗಾನ್‌ನಲ್ಲಿ ಅಭಿವೃದ್ಧಿಯಾಗಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್, ಚಕೋತದ ಸಿಪ್ಪೆ ಮತ್ತು ಹೂವಿನ ಘಮದ ಹಾಪ್. ಕಹಿ ದುಂಡಗಿರುತ್ತದೆ, ಘಮ ಮಾಲ್ಟ್ ಅನ್ನು ತುಳಿಯುವುದಿಲ್ಲ, ಸಣ್ಣಪುಟ್ಟ ಅಳತೆಯ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ನೀವು ಕೇಳಿದ ಹೆಸರು ಇದೇ: ಮೊದಲ ಒಂದೇ ಹಾಪ್‌ನ ಬಿಯರಿಗೆ ತಾಜಾ ಕ್ಯಾಸ್ಕೇಡ್ ಆರಿಸಿಕೊಳ್ಳಿ. ತಾಜಾ ಸಿಗದಿದ್ದರೆ ಹಳೆಯ ಕ್ಯಾಸ್ಕೇಡ್‌ಗಿಂತ ಹೊಸ ಸೆಂಟೆನಿಯಲ್ ಮೇಲು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ತಟ್ಟೆಯಲ್ಲಿದೆ. ಬಳ್ಳಾರಿಯಲ್ಲಿ ನಿಮ್ಮ ಗಿರಾಕಿ ಬಿಯರಿನ ಜೊತೆ ಏನು ತರಿಸುತ್ತಾನೆ ಎಂದು ನನಗಿಂತ ನಿಮಗೇ ಗೊತ್ತು. ಒಗ್ಗರಣೆ, ಮಿರ್ಚಿ, ಖಾರದ ಕೋಳಿ. ಕಹಿಯೂ ಗ್ಯಾಸೂ ಜೋರಾಗಿರುವ ಬಿಯರ್ ನಾಲಿಗೆಯ ಮೇಲಿನ ಖಾರದ ಉರಿಯನ್ನು ತಣಿಸುವ ಬದಲು ಕೆರಳಿಸುತ್ತದೆ. 55 ಐಬಿಯುವಿನ ಬಿಯರ್ ಮಿರ್ಚಿಯ ಜೊತೆ ಎರಡು ಗುಟುಕಿಗಿಂತ ಹೆಚ್ಚು ಇಳಿಯದು. 25ರಿಂದ 28ರ ಒಳಗಿನ ಕಹಿ, ಮೇಲೆ ಚಕೋತದ ಘಮ ಇದ್ದರೆ ಖಾರಕ್ಕೂ ಹೊಂದುತ್ತದೆ.

ಪರವಾನಗಿ ಬಂದ ಮೇಲಿನ ಪ್ರಾಯೋಗಿಕ ಪಾತ್ರೆಗೆ ಒಂದು ಲೆಕ್ಕ ಕೊಡುತ್ತೇನೆ. ಕ್ಯಾಸ್ಕೇಡ್‌ನ ಆಲ್ಫಾ ಶೇ 6 ಎಂದು ಹಿಡಿದರೆ, 20 ಲೀಟರಿಗೆ ಕುದಿಯ ಆರಂಭದಲ್ಲಿ 25 ಗ್ರಾಂ ಹಾಕಿ ಒಂದು ಗಂಟೆ ಕುದಿಸಿದರೆ ಸುಮಾರು 17 ಐಬಿಯು, ಕೊನೆಯ ಕಾಲು ಗಂಟೆಗೆ 20 ಗ್ರಾಂ ಹಾಕಿದರೆ ಸುಮಾರು 7 ಐಬಿಯು ಬರುತ್ತದೆ. ಉರಿ ಆರಿಸಿ ವರ್ಟ್ 80 ಡಿಗ್ರಿಗೆ ಇಳಿದ ಮೇಲೆ 40 ಗ್ರಾಂ ಹಾಕಿ ಇಪ್ಪತ್ತು ನಿಮಿಷ ಬಿಟ್ಟರೆ ಕಹಿ ಅಲ್ಪವಾಗಿಯೂ ಘಮ ಧಾರಾಳವಾಗಿಯೂ ಸೇರುತ್ತದೆ. ಹುದುಗು ಮುಗಿದ ಮೇಲೆ ಡ್ರೈ ಹಾಪಿಂಗ್‌ಗೆ 80ರಿಂದ 100 ಗ್ರಾಂ. ಈ ಲೆಕ್ಕವನ್ನು ದೊಡ್ಡ ಪಾತ್ರೆಗೆ ಏರಿಸುವಾಗ ಬರೀ ಗುಣಾಕಾರ ಮಾಡಿದರೆ ಮತ್ತೆ ಕಹಿ ಹೆಚ್ಚಾಗುತ್ತದೆ. 20 ಲೀಟರಿನ ಪಾತ್ರೆ ಬೇಗ ಆರುತ್ತದೆ. 500 ಲೀಟರಿನದು ಉರಿ ಆರಿಸಿದ ಮೇಲೂ ಬಹಳ ಹೊತ್ತು ಕುದಿಯ ಹತ್ತಿರವೇ ನಿಲ್ಲುವುದರಿಂದ ಕೊನೆಗೆ ಹಾಕಿದ ಹಾಪ್ ಕೂಡ ಕಹಿ ಬಿಡುತ್ತಲೇ ಇರುತ್ತದೆ. ದೊಡ್ಡ ಪ್ರಮಾಣದ ಮೊದಲ ತಯಾರಿಕೆಯಲ್ಲಿ ಆರಂಭದ ಹಾಪ್ ಅನ್ನು ಲೆಕ್ಕಕ್ಕಿಂತ ಸ್ವಲ್ಪ ಕೆಳಗಿಟ್ಟು ನೋಡಿ.

ಹುದುಗಿಸದೆ ಹಾಪ್ ಪರೀಕ್ಷಿಸುವ ವಿಧಾನವನ್ನು ಹೇಳುತ್ತೇನೆಂದಿದ್ದೆ. ಮೊದಲು ಕೈ ತೊಳೆದು ಒರೆಸಿಕೊಳ್ಳಿ, ಸೋಪಿನ ವಾಸನೆ ಉಳಿದಿರಬಾರದು. ನಾಲ್ಕೈದು ಪೆಲೆಟ್‌ಗಳನ್ನು (ಹಾಪ್ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳು) ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಒತ್ತಿ ತಿಕ್ಕಿ. ಗಟ್ಟಿ ಪೆಲೆಟ್ ಹಸಿರು ಪುಡಿಯಾಗಿ, ಮೈಬಿಸಿಗೆ ಎಣ್ಣೆ ಬಿಟ್ಟು, ಅಂಗೈ ಅಂಟಂಟಾಗುತ್ತದೆ. ಆಗ ಮೂಗಿನ ಹತ್ತಿರ ಹಿಡಿದು ಒಮ್ಮೆ ಚುಟುಕಾಗಿ ಎಳೆದುಕೊಳ್ಳಿ; ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ. ಮೊದಲ ಸಲಕ್ಕೆ ಹಾರುವ ತೀಕ್ಷ್ಣ ಘಾಟು ಮೈರ್ಸೀನ್ ಎಂಬ ಎಣ್ಣೆಯದು, ಅದು ಬಿಯರಿನಲ್ಲಿ ಹೆಚ್ಚು ಉಳಿಯುವುದಿಲ್ಲ. ಎರಡನೆಯ ಸಲ ಸಿಗುವ ಹೂವು, ಹಣ್ಣಿನ ಘಮವನ್ನೇ ನಂಬಬೇಕು. ಪೆಲೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ತಿಕ್ಕಿದರೂ ಅಂಟಾಗದಿದ್ದರೆ, ಆ ಲಾಟನ್ನು ಬಿಟ್ಟುಬಿಡಿ.

ಅದಕ್ಕಿಂತಲೂ ನಿಜಕ್ಕೆ ಹತ್ತಿರವಾದ ಪರೀಕ್ಷೆಯೆಂದರೆ ಅಂಗಡಿಯಲ್ಲಿ ಸಿಗುವ ಸಾದಾ ಲಾಗರ್ ಬಿಯರಿಗೆ ಹಾಪ್ ನೆನೆಸುವುದು. ನಮ್ಮ ಕಡೆ ಹೆಚ್ಚು ಖರ್ಚಾಗುವ ‘ಸ್ಟ್ರಾಂಗ್’ ಬಿಯರ್ ಬೇಡ, ಮದ್ಯಾಂಶದ ಉರಿ ಘಮವನ್ನು ಮರೆಮಾಡುತ್ತದೆ. ಹಗುರವಾದುದನ್ನು, ಕಂದು ಬಣ್ಣದ ಬಾಟಲಿಯದನ್ನು ಆರಿಸಿ. ಹಾಪ್‌ನ ಕಹಿ ವಸ್ತುವಿಗೆ ಬಿಸಿಲು ತಗುಲಿದರೆ ಕೆಟ್ಟ ವಾಸನೆಯ ಥಯೋಲ್ ಹುಟ್ಟುತ್ತದೆ, ಹಸಿರು ಮತ್ತು ಬಿಳಿ ಬಾಟಲಿಗಳು ಅದನ್ನು ತಡೆಯಲಾರವು. 650 ಮಿಲಿ ಬಾಟಲಿಗೆ 3 ಗ್ರಾಂ ಪೆಲೆಟ್ ಸಾಕು. ತೂಗಲು ಚಿನ್ನದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ ಬೇಕು. ಬಾಟಲಿಯನ್ನು ಹೆಪ್ಪುಗಟ್ಟುವ ಹಂತದವರೆಗೆ ತಣಿಸಿ, ಮುಚ್ಚಳ ತೆಗೆದು, ಪೆಲೆಟ್ ಹಾಕಿ, ತಕ್ಷಣ ಹೊಸ ಮುಚ್ಚಳ ಒತ್ತಿ. ಬಾಟಲಿ ಚೆನ್ನಾಗಿ ತಣಿದಿರದಿದ್ದರೆ ಪೆಲೆಟ್ ಬಿದ್ದೊಡನೆ ನೊರೆ ಉಕ್ಕಿ ಅರ್ಧ ಬಿಯರ್ ನೆಲದ ಮೇಲಿರುತ್ತದೆ. ಫ್ರಿಜ್‌ನಲ್ಲಿ ಮೂರು ದಿನ ಇಟ್ಟು ಸೋಸಿ ರುಚಿ ನೋಡಿ. ಒಂದೊಂದು ಬಾಟಲಿಗೆ ಒಂದೊಂದು ತಳಿ, ಹಾಪ್ ಹಾಕದ ಇನ್ನೊಂದು ಬಾಟಲಿ ಹೋಲಿಕೆಗೆ. ಗೆಳೆಯರ ಮುಂದೆ ಹೆಸರು ಹೇಳದೆ ಮೂರು ಗ್ಲಾಸ್ ಇಡಿ, ಎರಡರಲ್ಲಿ ಒಂದೇ ಹಾಪ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಅವರು ಪದೇ ಪದೇ ಗುರುತಿಸಲಾಗದಿದ್ದರೆ, ಆ ಎರಡು ತಳಿಗಳಲ್ಲಿ ಅಗ್ಗದ್ದನ್ನು ಕೊಳ್ಳಬಹುದು. ಈ ಪರೀಕ್ಷೆಯಲ್ಲಿ ಕುದಿಯ ಕಹಿ ತಿಳಿಯುವುದಿಲ್ಲ, ಅಷ್ಟೇ ಇದರ ಕೊರತೆ.

ನೀರಿನ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಬೋರ್‌ವೆಲ್ ನೀರು ಹಲವೆಡೆ ಗಡಸು, ಕ್ಷಾರೀಯ. ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲಿ ಮಾಲ್ಟ್ ನೆನೆಸಿದರೆ ಆಮ್ಲೀಯತೆ ಸಾಲದೆ, ಸಿಪ್ಪೆಯ ಒಗರು ಇಳಿದು, ಹಾಪ್‌ನ ಕಹಿ ಒರಟಾಗುತ್ತದೆ. ಆಗ ಎಂಥ ಹಾಪ್ ಹಾಕಿದರೂ ತಪ್ಪು ಹಾಪ್‌ನದೆಂದೇ ತೋರುತ್ತದೆ. ತುಂಗಭದ್ರಾ ನೀರು ನಲ್ಲಿಯಲ್ಲಿ ಬರುವಾಗ ಕ್ಲೋರಿನ್ ಹೊತ್ತು ತರುತ್ತದೆ, ಅದು ಮಾಲ್ಟ್‌ನ ಫಿನಾಲ್‌ಗಳ ಜೊತೆ ಕೂಡಿ ಆಸ್ಪತ್ರೆಯ ವಾಸನೆ ಕೊಡುತ್ತದೆ. ಸುಲಭವಾದ ದಾರಿ ಆರ್‌ಒ ನೀರನ್ನು ಆಧಾರವಾಗಿಟ್ಟುಕೊಂಡು ಲವಣಗಳನ್ನು ನಾವೇ ಸೇರಿಸುವುದು. 20 ಲೀಟರಿಗೆ ಆಹಾರ ದರ್ಜೆಯ ಜಿಪ್ಸಂ 5 ಗ್ರಾಂ ಹಾಕಿದರೆ ಸಲ್ಫೇಟ್ ಲೀಟರಿಗೆ 140 ಮಿಲಿಗ್ರಾಂನ ಹತ್ತಿರ ಬರುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ 2 ಗ್ರಾಂ ಹಾಕಿದರೆ ಕ್ಲೋರೈಡ್ 48ರಷ್ಟಾಗುತ್ತದೆ. ಸಲ್ಫೇಟ್ ಕಹಿಯನ್ನು ಚೊಕ್ಕವಾಗಿ ನಿಲ್ಲಿಸುತ್ತದೆ, ಕ್ಲೋರೈಡ್ ಬಾಯಿಗೆ ತುಂಬು ಕೊಡುತ್ತದೆ. ಹೊಲಕ್ಕೆ ಹಾಕುವ ಜಿಪ್ಸಂ ಇದಕ್ಕೆ ಬೇಡ.

ಬಿಸಿಲಿನ ಇನ್ನೊಂದು ಕಾಟ ಹುದುಗುವಾಗ. ಲಾಗರ್ ಯೀಸ್ಟಿಗಿಂತ ಬೆಚ್ಚಗೆ ಹುದುಗುವ ಏಲ್ ಯೀಸ್ಟ್ 18ರಿಂದ 20 ಡಿಗ್ರಿಯಲ್ಲಿ ಇದ್ದರೆ ಮಾತ್ರ ಹಾಪ್‌ನ ಘಮ ಮುಂದೆ ನಿಲ್ಲುತ್ತದೆ. 30 ದಾಟಿದರೆ ಯೀಸ್ಟ್ ಬಿಡುವ ಘಾಟು ಅದನ್ನು ಮುಚ್ಚುತ್ತದೆ. ನಾರ್ವೆಯ ಕ್ವೈಕ್ ಯೀಸ್ಟ್ 35 ಡಿಗ್ರಿಯಲ್ಲೂ ನೆಮ್ಮದಿಯಾಗಿ ಕೆಲಸ ಮಾಡುತ್ತದೆಂಬುದು ನಿಜ, ಬಿಸಿನಾಡಿನವರಿಗೆ ಅದು ವರವೂ ಹೌದು. ಆದರೆ ಅದರ ಹೆಸರಾಂತ ವಾಸ್ ತಳಿ ಸ್ವತಃ ಕಿತ್ತಳೆಯ ಘಮ ಬಿಡುತ್ತದೆ. ಕಿತ್ತಳೆ ಹಾಪ್‌ನದೋ ಯೀಸ್ಟಿನದೋ ಎಂದು ತಿಳಿಯದ ಬಿಯರನ್ನು ಒಂದೇ ಹಾಪ್‌ನದೆಂದು ಕರೆಯುವುದರಲ್ಲಿ ಅರ್ಥವಿಲ್ಲ. ಚಿಲ್ಲರಿಗೆ ಹಣ ಹಾಕಿ. ಡ್ರೈ ಹಾಪಿಂಗ್‌ನಲ್ಲಿ ಒಂದು ಅಪಾಯ ಗಮನದಲ್ಲಿರಲಿ: ಹಾಪ್‌ನಲ್ಲಿರುವ ಕಿಣ್ವಗಳು ಬಿಯರಿನಲ್ಲಿ ಉಳಿದ ಡೆಕ್ಸ್‌ಟ್ರಿನ್‌ಗಳನ್ನು (ಯೀಸ್ಟ್ ಹುದುಗಿಸಲಾಗದ ಪಿಷ್ಟದ ತುಣುಕುಗಳು) ಒಡೆದು ಸಕ್ಕರೆ ಮಾಡುತ್ತವೆ, ಮಲಗಿದ್ದ ಯೀಸ್ಟ್ ಮತ್ತೆ ಎದ್ದು ಹುದುಗು ಆರಂಭಿಸುತ್ತದೆ. ಹಾಪ್ ಹಾಕಿದ ಮೇಲೆ ಸಾಂದ್ರತೆ ಎರಡು ಮೂರು ದಿನ ಒಂದೇ ಅಂಕಿಯಲ್ಲಿ ನಿಂತಿದೆಯೆಂದು ಖಚಿತವಾಗುವವರೆಗೆ ಮಾದರಿಗೆಂದೂ ಬಾಟಲಿಗೆ ತುಂಬಬೇಡಿ. ಬೆಚ್ಚಗಿನ ಕೋಣೆಯಲ್ಲಿ ಅಂಥ ಬಾಟಲಿ ಸಿಡಿದು ಗಾಜು ಹಾರುತ್ತದೆ.

ಸೋನಾ ಮಸೂರಿಯನ್ನು ಧಾರಾಳವಾಗಿ ಸೇರಿಸಿ. ಅಕ್ಕಿ ಬಣ್ಣವನ್ನೂ ಮೈಯನ್ನೂ ಹಗುರಗೊಳಿಸಿ ಹಾಪ್‌ಗೆ ಜಾಗ ಬಿಟ್ಟುಕೊಡುತ್ತದೆ, ನುಚ್ಚಾದರೆ ಅಗ್ಗವೂ ಹೌದು. ಒಟ್ಟು ಧಾನ್ಯದ ಶೇ 20ರವರೆಗೆ ಇರಲಿ, ಉಳಿದುದೆಲ್ಲ ಸಾದಾ ಪೇಲ್ ಮಾಲ್ಟ್. ಬಣ್ಣದ, ಕ್ಯಾರಮೆಲ್ ಮಾಲ್ಟ್‌ಗಳು ಈ ಬಿಯರಿಗೆ ಬೇಡ. ಅಕ್ಕಿಯಲ್ಲಿ ಪಿಷ್ಟ ಒಡೆಯುವ ಕಿಣ್ವಗಳಿಲ್ಲ, ಹಸಿಯಾಗಿ ಹಾಕಿದರೆ ಪಿಷ್ಟ ಬಿಡುವುದೂ ಇಲ್ಲ. ಗಂಜಿಯಾಗುವಂತೆ ಬೇಯಿಸಿ, ಆರಿಸಿ, ಮಾಲ್ಟ್ ಜೊತೆ ಬೆರೆಸಿ 65 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟರೆ ಮಾಲ್ಟ್‌ನ ಕಿಣ್ವಗಳೇ ಎರಡರ ಕೆಲಸವನ್ನೂ ಮುಗಿಸುತ್ತವೆ.

ಹೊಲದಲ್ಲಿ ಹಾಪ್ ಬೆಳೆಯುವ ವಿಚಾರವನ್ನು ಕೈಬಿಡಿ. ಹಾಪ್ ಬಳ್ಳಿಗೆ ಚಳಿಗಾಲದ ಕೊರೆಯುವ ನಿದ್ದೆಯೂ ಬೇಸಿಗೆಯ ಬಹು ದೀರ್ಘ ಹಗಲೂ ಬೇಕು. ಪ್ರಪಂಚದ ಹಾಪ್ ತೋಟಗಳೆಲ್ಲ ಹೆಚ್ಚುಕಡಿಮೆ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ ಇರುವುದು ಆ ಕಾರಣಕ್ಕೆ. ಬಳ್ಳಾರಿ ಇರುವುದು 15ರಲ್ಲಿ. ಕಾಲುವೆ ನೀರಿನಿಂದ ಈ ಕೊರತೆ ತುಂಬುವುದಿಲ್ಲ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ರೈತರು ಹಾಪ್ ಬೆಳೆಯುತ್ತಾರೆ. ಅಲ್ಲಿನ ಹೊಸ ಬೆಳೆಯ ಮಾದರಿ ಸಿಕ್ಕರೆ ಕ್ಯಾಸ್ಕೇಡ್ ಬಾಟಲಿಯ ಪಕ್ಕದಲ್ಲಿ ಅದರದೊಂದು ಬಾಟಲಿಯನ್ನೂ ಇಟ್ಟು ರುಚಿ ನೋಡಿ. ಅಮೆರಿಕದ ಹೊಸ ಬೆಳೆ ಇಲ್ಲಿಯ ಮಾರಾಟಗಾರರ ಬಳಿ ಬಂದಿದೆಯೇ ಎಂದು ನವೆಂಬರ್ ಕೊನೆಯಿಂದಲೇ ವಿಚಾರಿಸಲು ಆರಂಭಿಸಿ, ಹಿಂದಿನ ವರ್ಷದ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುತ್ತೇವೆಂದರೂ ಒಪ್ಪಬೇಡಿ.